ಗದ್ದದ ಕೆಳಗಿನ ನೀರುಬಾವು

ಪ್ರಶ್ನೆ: ಗದ್ದೆ ಬದು, ಬ್ಯಾಣದಲ್ಲಿ ಮೇಯುವ 12 ಆಡುಗಳಿವೆ. ಮಳೆ ಹಿಡಿದ ಮೇಲೆ ನಾಲ್ಕಕ್ಕೆ ಗದ್ದದಡಿ ಬಾವು. ಸಂಜೆ ಚೀಲದಂತೆ ಜೋಲುತ್ತದೆ, ಬೆಳಿಗ್ಗೆ ಇಳಿದಿರುತ್ತದೆ. ಹಿಕ್ಕೆ ಗಟ್ಟಿಯೇ ಇದೆ. ಕುರಿಯ ಲೆಕ್ಕದಲ್ಲೇ ಎಲ್ಲಕ್ಕೂ ತಿಂಗಳಿಗೊಮ್ಮೆ ಜಂತುಹುಳುವಿನ ಔಷಧಿ ಫೆನ್‌ಬೆಂಡಜೋಲ್ ಕುಡಿಸುತ್ತೇವೆ. ಇದು ಗಳಲೆ ರೋಗವೇ (ಗಂಟಲು ಬೇನೆ)?
– ಓದುಗರು, ಹೊಸನಗರ ತಾಲ್ಲೂಕು

ಉತ್ತರ: ಗಳಲೆಯಾಗಿದ್ದರೆ ಜ್ವರ ಕಾಯುತ್ತಿತ್ತು, ಬಾವು ಬಿಸಿಯಾಗಿ ನೋಯುತ್ತಿತ್ತು, ಬೆಳಿಗ್ಗೆ ಇಳಿಯುತ್ತಿರಲಿಲ್ಲ. ಇದು ನೀರುಬಾವು, ಬೆರಳಲ್ಲಿ ಒತ್ತಿದರೆ ಗುಳಿ ಬೀಳುತ್ತದೆ. ಮೊದಲ ಅನುಮಾನ ನಾಲ್ಕನೇ ಹೊಟ್ಟೆಯಲ್ಲಿ ಕೂತು ರಕ್ತ ಹೀರುವ ಹಿಮಾಂಕಸ್ ಹುಳುವಿನ ಮೇಲೆ. ಒಂದು ಹುಳು ದಿನಕ್ಕೆ ಸುಮಾರು 0.05 ಮಿ.ಲೀ. ಕುಡಿಯುತ್ತದೆ, ಸಾವಿರ ಹುಳುವಿದ್ದರೆ 50 ಮಿ.ಲೀ. ರಕ್ತದ ಪ್ರೋಟೀನ್ ಇಳಿದಾಗ ನೀರು ಒಸರಿ, ತಲೆ ಬಗ್ಗಿಸಿ ಮೇಯುವ ಹೊತ್ತಿನಲ್ಲಿ ಗದ್ದಕ್ಕೆ ಬಂದು ನಿಲ್ಲುತ್ತದೆ. ಈ ಹುಳು ಬೇಧಿ ಮಾಡಿಸುವುದು ಅಪರೂಪ, ಹಾಗಾಗಿ ಗಟ್ಟಿ ಹಿಕ್ಕೆಯನ್ನು ನಂಬಬೇಡಿ.

ತಪ್ಪಿರುವುದು ಅಳತೆಯಲ್ಲಿ. ಆಡಿನ ದೇಹ ಈ ಔಷಧಿಯನ್ನು ಬೇಗ ಹೊರಹಾಕುತ್ತದೆ. ಕುರಿಗೆ ಕಿಲೋ ತೂಕಕ್ಕೆ 5 ಮಿ.ಗ್ರಾಂ. ಸಾಕಾದರೆ ಆಡಿಗೆ 10 ಬೇಕು. ತೂಕವನ್ನು ಕಣ್ಣಳತೆಯಲ್ಲಿ ಹೇಳಬೇಡಿ: ಎದೆಸುತ್ತು × ಎದೆಸುತ್ತು × ಭುಜದಿಂದ ಪೃಷ್ಠದವರೆಗಿನ ಉದ್ದ, ಎಲ್ಲ ಇಂಚಿನಲ್ಲಿ, ಭಾಗಿಸು 660. ಎದೆಸುತ್ತು 26, ಉದ್ದ 24 ಇದ್ದರೆ 25 ಕಿಲೋ ಹತ್ತಿರ, ಶೇ 2.5ರ ದ್ರಾವಣ 10 ಮಿ.ಲೀ. ಮೂತಿ ಮೇಲೆತ್ತಿ ಕುಡಿಸಿದರೆ ಶ್ವಾಸಕೋಶಕ್ಕೆ ಹೋದೀತು. ತಲೆ ಸಮವಾಗಿರಲಿ.

ಆದರೆ ಅರೆಬರೆ ಔಷಧಿಗೆ ಬದುಕಿದ ಹುಳುಗಳೇ ಈಗ ಸಂತಾನ ಬೆಳೆಸಿರಬಹುದು. ಸಾಲದ್ದಕ್ಕೆ ಗದ್ದೆ ಬದು ಎಂದರೆ ಬಸವನಹುಳು, ಅದರಿಂದ ಲಿವರ್‌ಗೆ ಸೇರುವ ಚಪ್ಪಟೆ ಹುಳು. ಅದಕ್ಕೂ ಇದೇ ಬಾವು, ಅದಕ್ಕೆ ಈ ಔಷಧಿ ನಾಟದು. ಆದ್ದರಿಂದ ಕುಡಿಸುವ ಮೊದಲೊಮ್ಮೆ, 14 ದಿನದ ಮೇಲೊಮ್ಮೆ ತಾಜಾ ಹಿಕ್ಕೆಯನ್ನು ಪಶು ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿ. ಹಿಕ್ಕೆಯಲ್ಲಿ ಹುಳುವಿನ ಮೊಟ್ಟೆ ಇಳಿಯದಿದ್ದರೆ ವೈದ್ಯರು ಬೇರೆ ಗುಂಪಿನ ಔಷಧಿ ಕೊಡುತ್ತಾರೆ. ಎರಡೂ ಹುಳುವಿಗೆ ಆಗುವ ಕ್ಲೋಸಾಂಟೆಲ್ ಅಳತೆ ಮೀರಿದರೆ ಕಣ್ಣು ಹೋಗುತ್ತದೆ, ಅದನ್ನು ನೀವೇ ತಂದು ಹಾಕಬೇಡಿ.

ಎಲ್ಲಕ್ಕೂ ತಿಂಗಳು ತಿಂಗಳು ಕುಡಿಸುವುದನ್ನಂತೂ ನಿಲ್ಲಿಸಿ. ಹದಿನೈದು ದಿನಕ್ಕೊಮ್ಮೆ ಕೆಳರೆಪ್ಪೆ ಮಗುಚಿ ನೋಡಿ: ಕೆಂಪಿದ್ದರೆ ಬಿಡಿ, ಬಿಳಿಚಿದ್ದರೆ ಅವತ್ತೇ ಕೊಡಿ. ಮರಿ, ಗಬ್ಬದ ಆಡು ತುಸು ಬಿಳಿಚಿದರೂ ಸಾಕು. ಮರಿಹುಳುಗಳು ಒದ್ದೆ ಹುಲ್ಲಿನ ಬುಡದ ಮೂರು ಇಂಚಿನೊಳಗೇ ಹೆಚ್ಚಿರುತ್ತವೆ. ಜಡಿಮಳೆಯ ದಿನಗಳಲ್ಲಿ ಹಲಸಿನ ಸೊಪ್ಪನ್ನು ಕೊಟ್ಟಿಗೆಯಲ್ಲೇ ಎತ್ತರಕ್ಕೆ ಕಟ್ಟಿ ಮೇಯಿಸಿ. ಆಡಿಗೂ ಹುಲ್ಲಿಗಿಂತ ಅದೇ ಇಷ್ಟ.

ಪ್ರಶ್ನೆ: ಆಡುಗಳ ಗೊರಸಿನ ಸಂದು ಕೊಳೆತು ನಾರುತ್ತಿದೆ. ಮೈಲುತುತ್ತು ಹಾಕಬಹುದೇ?
– ಓದುಗರು, ತೀರ್ಥಹಳ್ಳಿ

ಉತ್ತರ: ಕುರಿಯೂ ಇದ್ದರೆ ಬೇಡ, ನೆಕ್ಕಿದರೆ, ಕುಡಿದರೆ ಮೈಲುತುತ್ತಿನಲ್ಲಿರುವ ತಾಮ್ರ ಕುರಿಗೆ ವಿಷವಾಗುತ್ತದೆ. 10 ಲೀಟರ್ ನೀರಿಗೆ 1 ಕಿಲೋ ಜಿಂಕ್ ಸಲ್ಫೇಟ್ ಕರಗಿಸಿ, ಕೆಸರು ತೊಳೆದ ಕಾಲನ್ನು 10–15 ನಿಮಿಷ ಅದರಲ್ಲಿ ನಿಲ್ಲಿಸಿ, ಒಣ ನೆಲದ ಮೇಲೆ ಬಿಡಿ. ಕುಂಟುವುದನ್ನು ಬೇರೆ ಕಟ್ಟಿ.