ಯೇಸುವಿನ ಎರಡನೇ ಬರೋಣ ಯಾವಾಗ ಎಂದು ಕ್ರೈಸ್ತರಿಗೆ ಗೊತ್ತಾಗುತ್ತದೆಯೇ?

ಇಲ್ಲ. ಹೆಚ್ಚಿನ ಸಭೆಗಳ (ಚರ್ಚ್‌ಗಳ) ಬೋಧನೆ ಪ್ರಕಾರ ಯೇಸು ಮತ್ತೆ ಬರುವುದು ಖಚಿತ, ದಿನಾಂಕ ಮಾತ್ರ ಯಾರಿಗೂ ತಿಳಿಯದು. ಇದಕ್ಕೆ ಆಧಾರ ಬೈಬಲಿನ ಮತ್ತಾಯನ ಸುವಾರ್ತೆ, 24ನೇ ಅಧ್ಯಾಯ, 36ನೇ ವಚನ. ಆ ದಿನ, ಆ ಗಳಿಗೆ ದೇವದೂತರಿಗೂ ಗೊತ್ತಿಲ್ಲ, ಮಗನಿಗೂ ಗೊತ್ತಿಲ್ಲ, ತಂದೆಗೆ ಮಾತ್ರ ಗೊತ್ತು ಎಂದು ಯೇಸುವೇ ಹೇಳುತ್ತಾನೆ.

ಹಾಗಾದರೆ ಆಗಾಗ ದಿನಾಂಕ ಹೇಳುವವರು ಎಲ್ಲಿಂದ ಬರುತ್ತಾರೆ? ಅದೇ ಅಧ್ಯಾಯದಲ್ಲಿ ಯುದ್ಧ, ಬರ, ಭೂಕಂಪಗಳ ಸೂಚನೆಗಳೂ ಇವೆ. ಸೂಚನೆ ಕಂಡ ಮೇಲೆ ಲೆಕ್ಕ ಹಾಕದೆ ಇರುವುದು ಕಷ್ಟ ನೋಡಿ.

ಅಮೆರಿಕದ ರೈತ ವಿಲಿಯಂ ಮಿಲ್ಲರ್ ಬೈಬಲಿನ ದಾನಿಯೇಲನ ಗ್ರಂಥದ ಭವಿಷ್ಯವಾಣಿಯಲ್ಲಿರುವ 2300 ದಿನಗಳನ್ನು ವರ್ಷಗಳೆಂದು ಹಿಡಿದು, ಕ್ರಿ.ಪೂ. 457ರಿಂದ ಎಣಿಸಿ, ಯೇಸು ಬರುವುದು 1843ರ ಸುಮಾರಿಗೆ ಎಂಬ ಲೆಕ್ಕಕ್ಕೆ ಬಂದು ನಿಂತ. ಕ್ರಿ.ಪೂ. 1ರ ನಂತರ ನೇರ ಕ್ರಿ.ಶ. 1, ನಡುವೆ ಸೊನ್ನೆ ವರ್ಷವಿಲ್ಲ. ಅದನ್ನು ಸರಿಪಡಿಸಿದಾಗ 1844 ಆಯಿತು. ಕೊನೆಗೆ ಅವನ ಅನುಯಾಯಿಗಳು ಅಕ್ಟೋಬರ್ 22 ಎಂದು ನಿಗದಿ ಮಾಡಿದರು. ಕೆಲವರು ಹೊಲದ ಬೆಳೆಯನ್ನೂ ಕೊಯ್ಯದೆ ಕಾದರು. ಬೆಳಗಾಯಿತು, ಯಾರೂ ಬರಲಿಲ್ಲ. ಇತಿಹಾಸದಲ್ಲಿ ಇದಕ್ಕೆ 'ಮಹಾ ನಿರಾಶೆ' ಎಂದೇ ಹೆಸರು.

ಆ ಗುಂಪಿನಿಂದಲೇ 1863ರಲ್ಲಿ ರೂಪುಗೊಂಡ ಸೆವೆಂತ್ ಡೇ ಅಡ್ವೆಂಟಿಸ್ಟ್ ಸಭೆ ಇವತ್ತು ಬರೋಣ ಹತ್ತಿರವಿದೆ ಎನ್ನುತ್ತದೆ, ದಿನಾಂಕ ಹೇಳುವುದಿಲ್ಲ.