ಉಸಿರು ಬೇಗ ಪಳಗುತ್ತದೆ, ಮೂಳೆಗೆ ತಿಂಗಳುಗಳು ಬೇಕು

ನಿಮಗೆ 34 ವರ್ಷ, ಇಡೀ ದಿನ ಕೂತು ಮಾಡುವ ಕೆಲಸ. ಹತ್ತು ದಿನದಿಂದ ಬಿಡದೆ ದಿನಾ 3 ಕಿ.ಮೀ. ಓಡಿದ್ದೀರಿ, ಈಗ ಮೊಣಕಾಲಿನ ಕೆಳಗೆ ಮುಂದಿನ ಮೂಳೆ ನೋಯುತ್ತಿದೆ. ಎರಡು ತಿಂಗಳಲ್ಲಿ ಬೆಂಗಳೂರಿನ 10ಕೆ, ಅಂದರೆ 10 ಕಿ.ಮೀ. ಓಟಕ್ಕೆ ಗೆಳೆಯರ ಜೊತೆ ಹೆಸರು ಬೇರೆ ಕೊಟ್ಟಿದ್ದೀರಿ. ಅತಿ ಮಾಡಿಕೊಳ್ಳದೆ ಓಟ ಶುರು ಮಾಡುವುದು ಹೇಗೆ ಅಂತ ಕೇಳಿದ್ದೀರಿ.

ಮೊದಲು ಆ ನೋವನ್ನು ನೋಡೋಣ. ಕಾಲಿನ ಒಳಮಗ್ಗುಲಲ್ಲಿ ಮೂಳೆಯ ಅಂಚಿನುದ್ದಕ್ಕೂ ಬೆರಳಿಂದ ಒತ್ತುತ್ತಾ ಹೋಗಿ. ಗೇಣುದ್ದ ಜಾಗದಲ್ಲಿ ಹರಡಿಕೊಂಡ ಹಾಗೆ ನೋಯುತ್ತಿದ್ದರೆ, ಹೊಸದಾಗಿ ಓಡುವವರಿಗೆ ತುಂಬಾ ಸಾಮಾನ್ಯವಾಗಿ ಬರುವ ನೋವು ಅದು, ಓಟ ನಿಲ್ಲಿಸಿ ಕಾಲಿಗೆ ಬಿಡುವು ಕೊಟ್ಟರೆ ಸಾಮಾನ್ಯವಾಗಿ ಇಳಿಯುತ್ತದೆ. ಆದರೆ "ಇಲ್ಲೇ" ಅಂತ ಒಂದೇ ಬೆರಳಲ್ಲಿ ತೋರಿಸುವಂತಿದ್ದರೆ, ಸುಮ್ಮನೆ ಕೂತಾಗಲೂ ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ, ಕುಂಟಾಬಿಲ್ಲೆ ಆಡುವಂತೆ ಆ ಒಂದೇ ಕಾಲಲ್ಲಿ ಕುಪ್ಪಳಿಸಿದಾಗ ಚುಚ್ಚಿದರೆ, ದಯವಿಟ್ಟು ಓಡಬೇಡಿ. ಮೂಳೆ ಡಾಕ್ಟರಿಗೆ ತೋರಿಸಿ. ಎಕ್ಸ್‌ರೇಯಲ್ಲಿ ಏನೂ ಇಲ್ಲ ಅಂತ ಬಂದರೂ, ನೋವು ಹಾಗೇ ಇದ್ದರೆ ಬಿಡಬೇಡಿ. ಮೂಳೆಯಲ್ಲಿ ಬಿಡುವ ಕೂದಲೆಳೆಯ ಬಿರುಕು ಶುರುವಿನಲ್ಲಿ ಎಕ್ಸ್‌ರೇಗೆ ಕಾಣದೇ ಹೋಗಬಹುದು. ನನ್ನದು ಕಂಡಿದ್ದು ಎಂಆರ್‌ಐಯಲ್ಲಿ.

ಹೌದು, ನನಗೂ ಆಗಿತ್ತು. ನಾನು ಮೈಸೂರಿನವಳು. ಓಟ ಶುರು ಮಾಡಿದಾಗ ವಯಸ್ಸು 39. ಬೆಳಿಗ್ಗೆ ಐದೂಮುಕ್ಕಾಲಿಗೆ ಕುಕ್ಕರಹಳ್ಳಿ ಕೆರೆ. ಮೊದಲ ವಾರ ಇನ್ನೂರು ಹೆಜ್ಜೆಗೇ ಏದುಸಿರು ಬರುತ್ತಿತ್ತು. ಮೂರನೇ ವಾರದ ಹೊತ್ತಿಗೆ ಉಸಿರು ಹಿಡಿತಕ್ಕೆ ಬಂತು. ನಾಲ್ಕನೇ ವಾರ ಏರಿಯ ಮೇಲೆ ಓಡುವಾಗ ಕೆರೆಯಲ್ಲಿ ತೇಲುವ ಹೆಜ್ಜಾರ್ಲೆಗಳನ್ನು ಎಣಿಸುವಷ್ಟು ಹಾಯಾಗಿತ್ತು. ಆ ಹಾಯೇ ನನಗೆ ಮುಳುವಾಯಿತು. ಇಷ್ಟು ಸುಲಭವಾಗಿದೆ ಅಂದಮೇಲೆ ಇನ್ನೂ ಓಡಬಹುದಲ್ಲ ಅಂತ ದೂರ ಹೆಚ್ಚಿಸಿದೆ, ಬಿಡುವಿನ ದಿನಗಳನ್ನು ತೆಗೆದುಹಾಕಿದೆ. ಆರನೇ ವಾರ ಎಡಗಾಲಿನ ಮೂಳೆಯಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಜಾಗ ಮುಟ್ಟಿದರೆ ಕಣ್ಣಲ್ಲಿ ನೀರು ಬರುವಂತಾಯಿತು. ಆಮೇಲೆ ಎರಡು ತಿಂಗಳು ಓಟವಿಲ್ಲ.

ಹೀಗೇಕಾಗುತ್ತದೆ ಅಂತ ಆಗ ಓದಿ ತಿಳಿದುಕೊಂಡೆ. ಇದನ್ನು ಯಾರಾದರೂ ಮೊದಲೇ ಹೇಳಿದ್ದರೆ ಅಂತ ಇವತ್ತಿಗೂ ಅನ್ನಿಸುತ್ತದೆ. ಹೃದಯ, ಶ್ವಾಸಕೋಶ ಕೆಲವೇ ವಾರಗಳಲ್ಲಿ ಪಳಗುತ್ತವೆ. ಮೂಳೆಗೆ, ಹಾಗೇ ಸ್ನಾಯುವನ್ನು ಮೂಳೆಗೆ ಕಟ್ಟುವ ನಾರುಗಳಿಗೆ ತಿಂಗಳುಗಳು ಬೇಕು. ಮೂಳೆಯ ಕಥೆಯಂತೂ ಹಳೆ ಗೋಡೆಗೆ ಹೊಸ ಗಾರೆ ಮಾಡಿಸುವ ಹಾಗೆ. ಹೊಸ ಭಾರ ಬಿದ್ದಾಗ ದೇಹ ಮೊದಲು ಹಳೆಯ ಮೂಳೆಯನ್ನು ಕೆತ್ತಿ ತೆಗೆಯುತ್ತದೆ, ಆಮೇಲೆ ಅಲ್ಲಿ ಹೊಸದನ್ನು ತುಂಬುತ್ತದೆ. ಕೆತ್ತುವ ಕೆಲಸ ಮೂರು ವಾರದಲ್ಲಿ ಮುಗಿದರೆ, ತುಂಬಿ ಗಟ್ಟಿಯಾಗಲು ಮೂರು ತಿಂಗಳ ಮೇಲೇ ಹಿಡಿಯುತ್ತದೆ. ಅಂದರೆ ಓಟ ಶುರು ಮಾಡಿದ ಒಂದೆರಡು ತಿಂಗಳಲ್ಲಿ ಮೂಳೆ ಮೊದಲಿಗಿಂತ ಸ್ವಲ್ಪ ದುರ್ಬಲವಾಗಿಯೇ ಇರಬಹುದು. ಸರಿಯಾಗಿ ಅದೇ ಹೊತ್ತಿಗೆ ಉಸಿರು "ಇನ್ನೂ ಓಡು" ಅನ್ನುತ್ತಿರುತ್ತದೆ. ಓಡುವಾಗ ಒಂದೊಂದು ಹೆಜ್ಜೆಗೂ ನೆಲದಿಂದ ಬರುವ ಪೆಟ್ಟು ನಮ್ಮ ತೂಕದ ಎರಡು ಮೂರು ಪಟ್ಟು. ಒಂದು ಕಿಲೋಮೀಟರಿಗೆ ಸಾವಿರಕ್ಕೂ ಹೆಚ್ಚು ಹೆಜ್ಜೆ. ಹಸಿ ಗಾರೆಯ ಮೇಲೆ ದಿನಾ ಸುತ್ತಿಗೆ ಬಡಿದರೆ ಏನಾಗುತ್ತದೆ ಯೋಚಿಸಿ.

ನೀವು ಹೆದರಬೇಕಾದ್ದು ಮೊದಲ ವಾರಕ್ಕಲ್ಲ, ಎಲ್ಲ ಚೆನ್ನಾಗಿದೆ ಅನ್ನಿಸುವ ಐದಾರನೇ ವಾರಕ್ಕೆ.

ಕಾಲು ವಾಸಿಯಾದ ಮೇಲೆ ನಾನು ಮತ್ತೆ ಶುರು ಮಾಡಿದ್ದು ಒಂದೊಂದು ನಿಮಿಷದ ಓಟದಿಂದ. ಕೆರೆಯ ಹತ್ತಿರ ದಿನಾ ಬರುತ್ತಿದ್ದ ನಿವೃತ್ತ ಪಿಟಿ ಮೇಷ್ಟ್ರೊಬ್ಬರು ನನ್ನ ಓಟ ನೋಡಿ, "ಮಾತಾಡ್ತಾ ಓಡಮ್ಮ. ಮಾತು ತುಂಡಾದ್ರೆ ಜೋರಾಯ್ತು ಅಂತ ಲೆಕ್ಕ" ಅಂದರು. ನನಗೆ ಗೊತ್ತಿರುವ ಅತ್ಯುತ್ತಮ ಅಳತೆ ಇದು. ಒಂದು ಪೂರ್ತಿ ವಾಕ್ಯ ತಡೆಯಿಲ್ಲದೆ ಹೇಳಲು ಆಗದಿದ್ದರೆ ನಿಧಾನ ಮಾಡಿ. ಪಕ್ಕದಲ್ಲಿ ನಡೆಯುವವರು ನಿಮ್ಮನ್ನು ದಾಟಿ ಹೋದರೂ ಪರವಾಗಿಲ್ಲ.

ನಾನು ಅನುಸರಿಸಿದ್ದು "ಕೌಚ್ ಟು 5ಕೆ", ಅಂದರೆ ಸೋಫಾದಿಂದ ಎದ್ದು 5 ಕಿ.ಮೀ. ಓಟದವರೆಗೆ ಅನ್ನುವ ಕ್ರಮವನ್ನು. ಅಮೆರಿಕದ ಜಾಶ್ ಕ್ಲಾರ್ಕ್ 1996ರಲ್ಲಿ ಮಾಡಿದ್ದು, ಒಂಬತ್ತು ವಾರದ್ದು, ವಾರಕ್ಕೆ ಮೂರೇ ದಿನ. ಮೊದಲ ವಾರ ಐದು ನಿಮಿಷ ಚುರುಕಾಗಿ ನಡೆದು, ಆಮೇಲೆ 60 ಸೆಕೆಂಡು ಓಟ, 90 ಸೆಕೆಂಡು ನಡಿಗೆ, ಹೀಗೆ ಇಪ್ಪತ್ತು ನಿಮಿಷ. ಅಷ್ಟೇ. ಓಡಿದ ಮಾರನೇ ದಿನ ಓಟವಿಲ್ಲ. ನಾನು ಒಂದೊಂದು ವಾರವನ್ನೂ ಎರಡೆರಡು ಸಲ ಮಾಡಿದೆ, ಒಂಬತ್ತು ವಾರದ್ದು ಹದಿನೆಂಟಾಯಿತು. ನಡುನಡುವೆ ನಡೆಯುವುದು ಸೋಲು ಅಂತ ಭಾವಿಸಬೇಡಿ. 1972ರ ಒಲಿಂಪಿಕ್ಸ್‌ನಲ್ಲಿ 10,000 ಮೀಟರ್ ಓಡಿದ ಜೆಫ್ ಗ್ಯಾಲೋವೇ ಅವರೇ ಓಟದ ನಡುವೆ ನಡಿಗೆ ಸೇರಿಸುವ ಪದ್ಧತಿಯನ್ನು ದಶಕಗಳ ಕಾಲ ಕಲಿಸಿದರು.

ಓಟವನ್ನು ವಾರಕ್ಕೆ ಶೇ 10ಕ್ಕಿಂತ ಹೆಚ್ಚು ಏರಿಸಬೇಡಿ ಅನ್ನುವ ಮಾತನ್ನು ನೀವು ಕೇಳಿರಬಹುದು. ಕೆಟ್ಟ ಸಲಹೆಯೇನಲ್ಲ, ಆದರೆ ಅದೊಂದನ್ನೇ ನಂಬಿ ಕೂರಬೇಡಿ. ನೆದರ್ಲೆಂಡ್ಸ್‌ನಲ್ಲಿ ಹೊಸ ಓಟಗಾರರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಈ ಲೆಕ್ಕದಲ್ಲಿ 13 ವಾರ, ಇನ್ನೊಂದಕ್ಕೆ ಮಾಮೂಲಿ ಕ್ರಮದಲ್ಲಿ 8 ವಾರ ಓಡಿಸಿ ನೋಡಿದ್ದರು. 2008ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಎರಡೂ ಗುಂಪಿನಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಪೆಟ್ಟಾಗಿತ್ತು. ಹಾಗಾಗಿ ಶೇಕಡಾ ಲೆಕ್ಕಕ್ಕಿಂತ ನಾನು ನಂಬುವುದು ಮಾರನೇ ಬೆಳಗಿನ ಮೊದಲ ಹೆಜ್ಜೆಯನ್ನು. ಹಾಸಿಗೆಯಿಂದ ಎದ್ದು ಬಚ್ಚಲಿಗೆ ಹೋಗುವಾಗ ಮೀನಖಂಡ ಬಿಗಿದಿದ್ದರೆ ಸರಿ, ಸ್ನಾಯು ದಣಿದಿದೆ ಅಷ್ಟೇ. ಮೂಳೆಯಲ್ಲೋ ಕೀಲಲ್ಲೋ ಹಿಮ್ಮಡಿಯಲ್ಲೋ ನೋವಿದ್ದರೆ ಆ ವಾರ ಏರಿಸುವುದಿಲ್ಲ. ಎರಡು ದಿನ ಹಾಗೇ ಇದ್ದರೆ ಓಡುವುದೇ ಇಲ್ಲ, ಬರೀ ನಡಿಗೆ.

ತೂಕ ಇಳಿಸಲು ಓಡುತ್ತಿದ್ದೀರಾ ಅಂತ ನೀವು ಬರೆದಿಲ್ಲ. ಹಾಗಿದ್ದರೆ ಒಂದು ಮಾತು: ಓಟ ಶುರು ಮಾಡಿದ ತಿಂಗಳಲ್ಲೇ ರಾತ್ರಿ ಊಟ ಬಿಡಬೇಡಿ. ನಾನು ಆ ತಪ್ಪನ್ನೂ ಮಾಡಿದ್ದೆ. ಮೂಳೆ ಕಟ್ಟಲು ಸಾಮಾನು ಬೇಕಲ್ಲ. ಮುದ್ದೆ, ಸೊಪ್ಪಿನ ಸಾರು, ಮೊಸರು, ಬೇಳೆ, ತಿನ್ನುವವರಾದರೆ ಮೊಟ್ಟೆ, ಹೊಟ್ಟೆ ತುಂಬ ತಿನ್ನಿ, ಚೆನ್ನಾಗಿ ನಿದ್ದೆ ಮಾಡಿ.

ಶೂಗೆ ತುಂಬಾ ದುಡ್ಡು ಸುರಿಯಬೇಕಿಲ್ಲ. ಸಂಜೆ, ಪಾದ ಸ್ವಲ್ಪ ಊದಿರುವ ಹೊತ್ತಿನಲ್ಲಿ ಹೋಗಿ ಹಾಕಿ ನೋಡಿ. ತುದಿಯಲ್ಲಿ ಹೆಬ್ಬೆರಳ ಅಗಲ ಜಾಗ ಇರಲಿ.

ಇನ್ನೊಂದು. 2021ರ ಅಕ್ಟೋಬರಿನಲ್ಲಿ ಅಪ್ಪು ಹೋದಮೇಲೆ ನಮ್ಮಲ್ಲಿ ಎಷ್ಟೋ ಜನ ವ್ಯಾಯಾಮಕ್ಕೇ ಹೆದರಿದರು, ಜಯದೇವ ಆಸ್ಪತ್ರೆಯಲ್ಲಿ ತಪಾಸಣೆಗೆ ಸಾಲು ನಿಂತರು. ಹೆದರಿ ಮನೆಯಲ್ಲಿ ಕೂರುವುದು ಬೇಡ. ಆದರೆ ಬಿಪಿ, ಸಕ್ಕರೆ ಕಾಯಿಲೆ ಇದ್ದರೆ, ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲೇ ಹೃದಯದ ತೊಂದರೆ ಬಂದಿದ್ದರೆ, ಮೊದಲು ಡಾಕ್ಟರನ್ನು ಕೇಳಿ. ಓಡುವಾಗ ಎದೆ ಬಿಗಿದರೆ, ತಲೆ ಸುತ್ತಿದರೆ ಅಲ್ಲೇ ನಿಲ್ಲಿಸಿ, ಕೂಡಲೇ ಆಸ್ಪತ್ರೆಗೆ ಹೋಗಿ.

ಕೊನೆಗೆ ಆ 10ಕೆ. 2008ರಿಂದ ನಡೆಯುತ್ತಿರುವ ಓಟ ಅದು, ಮುಂದಿನ ವರ್ಷವೂ ಬರುತ್ತದೆ. ಈ ಕಾಲಿಟ್ಟುಕೊಂಡು ಎರಡು ತಿಂಗಳಲ್ಲಿ ತಯಾರಾಗುವುದು ಬೇಡ ಅಂತಲೇ ನನ್ನ ಮಾತು, ಕಟ್ಟಿದ ದುಡ್ಡು ಹೋದರೆ ಹೋಗಲಿ. ಒತ್ತಿದರೂ ಕುಪ್ಪಳಿಸಿದರೂ ನೋಯದ ಮೇಲೆ ಇನ್ನೊಂದು ವಾರ ಬರೀ ನಡೆಯಿರಿ, ಆಮೇಲೆ 60 ಸೆಕೆಂಡಿನಿಂದ ಶುರು ಮಾಡಿ. ಓಟದ ದಿನ ಗೆಳೆಯರ ಜೊತೆ ಖಂಡಿತ ಹೋಗಿ. ಅವರ ಬ್ಯಾಗು, ಮೊಬೈಲು ಇಟ್ಟುಕೊಂಡು ಮುಗಿಯುವ ಗೆರೆಯ ಹತ್ತಿರ ನಿಂತು, ಹೆಸರು ಹಿಡಿದು ಕೂಗಿ. ಕೊನೆಯ ಇನ್ನೂರು ಮೀಟರಿನಲ್ಲಿ ಅವರಿಗೆ ಅದು ಎಷ್ಟು ಬೇಕಾಗಿರುತ್ತದೆ ಅಂತ ಮುಂದಿನ ವರ್ಷ ನಿಮಗೇ ಗೊತ್ತಾಗುತ್ತದೆ.