ಹೂ, ವಿಚ್, ದಟ್ ಚಾರ್ಟ್ ಬಾಯಿಪಾಠ ಮಾಡಿದರೆ ಇಂಗ್ಲಿಷ್ ವಾಕ್ಯ ಜೋಡಿಸೋಕೆ ಬರುತ್ತಾ?

ಹಾಸನದ ಸ್ಪೋಕನ್ ಇಂಗ್ಲಿಷ್ ಕ್ಲಾಸಲ್ಲಿ ಕೊಟ್ಟ, ಎರಡು ವಾಕ್ಯ ಜೋಡಿಸೋ ಪದಗಳ ಚಾರ್ಟ್ ಬಾಯಿಪಾಠ ಮಾಡಿದರೆ ಇಂಟರ್‌ವ್ಯೂಗೆ ಸಾಕಾ ಅಂತ ನೀವು ಕೇಳಿದ್ದು ಓದಿ ಮೊದಲು ನಗು ಬಂತು, ಆಮೇಲೆ ಹೊಟ್ಟೆ ಚುರ್ ಅಂತು. ಮನುಷ್ಯರಿಗೆ ಹೂ (who), ವಸ್ತುವಿಗೆ ವಿಚ್ (which), ಎರಡಕ್ಕೂ ದಟ್ (that), ಮನುಷ್ಯರು ಕರ್ಮ ಆದಾಗ ಹೂಮ್ (whom). ಇದೇ ಚಾರ್ಟ್ ನನ್ನ ರೂಮಿನ ಗೋಡೆ ಮೇಲೂ ಇತ್ತು. ರಾತ್ರಿ ಎಬ್ಬಿಸಿ ಕೇಳಿದರೂ ಹೇಳ್ತಿದ್ದೆ. ಅದು ಅಷ್ಟು ಚೆನ್ನಾಗಿ ಬರ್ತಿದ್ದ ಕಾಲದಲ್ಲೇ ನಮ್ಮ ಸಾವ್ಕಾರ್ರಿಗೆ 60,000 ರೂಪಾಯಿ ಕಳೆದೆ.

ಮೂಡಿಗೆರೆ ಕಡೆ ಒಂದು ಕಾಫಿ ತೋಟದಲ್ಲಿ ನಾನು ರೈಟರ್ ಆಗಿದ್ದೆ. ಮಲೆನಾಡಿನವರಿಗೆ ಗೊತ್ತಿರುತ್ತೆ, ಬೇರೆಯವರಿಗಾಗಿ ಹೇಳ್ತೀನಿ: ತೋಟದ ರೈಟರ್ ಅಂದರೆ ಕಥೆ ಬರೆಯೋನಲ್ಲ. ಆಳುಗಳ ಹಾಜರಿ, ಬಟವಾಡೆ, ಗೊಬ್ಬರದ ಲೆಕ್ಕ, ಮೂಟೆ ಲೆಕ್ಕ ಬರೆಯೋನು. ಡಿಗ್ರಿ ಮಾಡಿದ್ದೆ ಅನ್ನೋ ಕಾರಣಕ್ಕೆ ಇಂಗ್ಲಿಷ್ ಪತ್ರಗಳೂ ನನ್ನ ತಲೆಗೇ ಬಂದವು.

ಆ ವರ್ಷ ಜನವರಿಯಲ್ಲಿ ಅಕಾಲದ ಮಳೆ. 240 ಮೂಟೆ ಅರೇಬಿಕಾ ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ, ಒಳಹೊಟ್ಟು ಇನ್ನೂ ಇರೋ ಕಾಫಿ ಬೀಜ, ಮೂಟೆಗೆ 50 ಕೆಜಿ, ಲಾರಿಗೆ ತುಂಬಿ ಆ ಹೊಟ್ಟು ಬಿಡಿಸೋ ಚಿಕ್ಕಮಗಳೂರಿನ ಕ್ಯೂರಿಂಗ್ ಮಿಲ್ಲಿಗೆ ಹೊರಡಿಸಿದ್ವಿ. ಮೂಡಿಗೆರೆ ಹತ್ತಿರದ ಹ್ಯಾಂಡ್‌ಪೋಸ್ಟ್ ದಾಟೋ ಹೊತ್ತಿಗೆ ಟಾರ್ಪಾಲು ಹಿಂದುಗಡೆ ಹಾರಿಹೋಗಿ 14 ಮೂಟೆ ನೆಂದವು. ಹದಿನಾಲ್ಕೇ. ಅವನ್ನ ಇಳಿಸಿ ಬೇರೆ ಇಟ್ಟು, ಮತ್ತೆ ಒಣಗಿಸೋದು ಅಂತ ತೀರ್ಮಾನ ಆಯ್ತು. ಕೊಳ್ಳೋ ಪಾರ್ಟಿ ಬೆಂಗಳೂರಿನದು, ಮ್ಯಾನೇಜರಿಗೆ ಕನ್ನಡ ಬರ್ತಿರಲಿಲ್ಲ. "ಮುಚ್ಚಿಡೋದು ಬೇಡ, ನೆಂದ ಮೂಟೆ ಬೇರೆ ಇಟ್ಟಿದೀವಿ ಅಂತ ಇಂಗ್ಲಿಷಲ್ಲಿ ಒಂದು ಮೇಲ್ ಹಾಕಪ್ಪ" ಅಂದರು ಸಾವ್ಕಾರ್ರು. ಶನಿವಾರ ಸಂಜೆ ಬಸ್‌ಸ್ಟ್ಯಾಂಡ್ ಹತ್ತಿರದ ನೆಟ್ ಸೆಂಟರಲ್ಲಿ ಕೂತು ಬರೆದೆ:

"ದ ಬ್ಯಾಗ್ಸ್, ವಿಚ್ ಗಾಟ್ ವೆಟ್ ಇನ್ ದ ರೇನ್, ಹ್ಯಾವ್ ಬೀನ್ ಕೆಪ್ಟ್ ಸೆಪರೇಟ್ಲಿ."

ಚಾರ್ಟ್ ಪ್ರಕಾರ ನೋಡಿ. ಮೂಟೆ ವಸ್ತು, ಅದಕ್ಕೆ ವಿಚ್. ನೂರಕ್ಕೆ ನೂರು. ಆದರೆ ಆ ಎರಡು ಕಾಮಾ ಇದಾವಲ್ಲ, ಅವು ಸೇರಿ ಆ ವಾಕ್ಯ ಹೇಳಿದ್ದೇನು ಅಂದರೆ "ಮೂಟೆಗಳನ್ನ ಬೇರೆ ಇಟ್ಟಿದೀವಿ, ಅಂದಹಾಗೆ ಅವೆಲ್ಲಾ ಮಳೇಲಿ ನೆಂದಿದಾವೆ" ಅಂತ. ಎಲ್ಲಾ. ಇನ್ನೂರ ನಲವತ್ತೂ. ಕಾಮಾ ತೆಗೆದರೆ ಅದೇ ವಾಕ್ಯ "ಮೂಟೆಗಳ ಪೈಕಿ ನೆಂದವನ್ನ ಮಾತ್ರ" ಅಂತಾಗುತ್ತೆ. ಅಕ್ಷರ ಒಂದೂ ಬದಲಾಗಿಲ್ಲ. ಎರಡು ಸೊಳ್ಳೆ ಮರಿಯಷ್ಟು ಗೆರೆ.

ಯಾಕೆ ಹಾಕಿದೆ? ಇದನ್ನ ಎಷ್ಟು ವರ್ಷದಿಂದ ಯೋಚನೆ ಮಾಡಿದೀನಿ ಅಂದರೆ ಕಾರಣಗಳನ್ನ ಬಿಡಿಸಿ ಬಿಡಿಸಿ ಇಟ್ಕೊಂಡಿದೀನಿ. ಒಂದು, ಹೈಸ್ಕೂಲಲ್ಲಿ "ಉಸಿರು ತಗೊಳ್ಳೋ ಕಡೆ ಕಾಮಾ" ಅಂತ ಹೇಳಿಕೊಟ್ಟಿದ್ದರು. ನಾನು ಬರೆಯುವಾಗ ಮನಸ್ಸಲ್ಲೇ ಓದ್ಕೊಳ್ತಿದ್ದೆ, "ದ ಬ್ಯಾಗ್ಸ್" ಆದಮೇಲೆ ಮುಂದಿನ ಪದ ಹುಡುಕೋಕೆ ನಿಲ್ಲಬೇಕಾಗಿತ್ತು, ನಿಂತೆ, ನಿಂತ ಕಡೆ ಕಾಮಾ ಬಿತ್ತು. ಅಂದರೆ ಅದು ಇಂಗ್ಲಿಷಿನ ಕಾಮಾ ಅಲ್ಲ, ನನ್ನ ತಡವರಿಕೆಯ ಗುರುತು. ಇನ್ನೊಂದು, ಹೇಳೋಕೆ ನಾಚಿಕೆ, ಕಾಮಾ ಇದ್ದರೆ ಪತ್ರ ಆಫೀಸಿಂದ ಬಂದ ಹಾಗೆ ಕಾಣುತ್ತೆ ಅನ್ನೋ ಭ್ರಮೆ ಇತ್ತು.

ಆದರೆ ಬೇರು ಇರೋದು ಕನ್ನಡದಲ್ಲಿ. "ನೆಂದ ಮೂಟೆಗಳು" ಅಂದಾಗ ಕೆಲವು ನೆಂದಿದಾವೋ ಎಲ್ಲವೂ ನೆಂದಿದಾವೋ ಅನ್ನೋದನ್ನ ನಾವು ಗುರುತು ಮಾಡಿ ಹೇಳೋದೇ ಇಲ್ಲ. ಕೇಳಿದವರು ಸಂದರ್ಭ ನೋಡ್ಕೊಂಡು ತಿಳ್ಕೋತಾರೆ. "ಹಾಸನದಲ್ಲಿರೋ ನಮ್ಮಕ್ಕ" ಅಂತೀನಿ ನಾನು. ನನಗಿರೋಳು ಒಬ್ಬಳೇ ಅಕ್ಕ. ಮೂರು ಜನ ಅಕ್ಕಂದಿರಿದ್ದರೂ ಅದೇ ಮಾತು ನಡೆಯುತ್ತೆ. ಇಂಗ್ಲಿಷಲ್ಲಿ ಬರೆಯೋವಾಗ ಒಬ್ಬಳೇ ಆದರೆ ಕಾಮಾ ಬೇಕು, ಮೂವರಲ್ಲಿ ಒಬ್ಬಳು ಅಂತಾದರೆ ಕಾಮಾ ಹಾಕೋ ಹಾಗಿಲ್ಲ. ನಾವು ಬಾಯಿ ಬಿಟ್ಟು ಹೇಳದೇ ಬಿಡೋದನ್ನ ಆ ಭಾಷೆ ಕಾಮಾದಲ್ಲಿ ಬರೆಸ್ಕೊಳ್ಳುತ್ತೆ.

ಮೇಲ್ ಹೋಯ್ತು. ಭಾನುವಾರ ರಜೆ. ತೋಟದ ಫೋನು ಮಳೆಗೆ ಸತ್ತಿತ್ತು, ಮೊಬೈಲಿಗೆ ಗುಡ್ಡ ಹತ್ತಿದರೆ ಸಿಗ್ನಲ್. ಸೋಮವಾರ ಬೆಳಗ್ಗೆ ಮ್ಯಾನೇಜರು ಓದಿ, "ಲಾಟ್ ಪೂರ್ತಿ ಒದ್ದೆ" ಅಂತ ತಿಳ್ಕೊಂಡು ಬೇರೆ ಕಡೆ ಮಾಲು ಗೊತ್ತು ಮಾಡ್ಕೊಂಡುಬಿಟ್ಟರು. ಮಂಗಳವಾರ ವಿಷಯ ಬಗೆಹರಿಯಿತು, ಆದರೆ ವ್ಯಾಪಾರ ಬಗೆಹರಿಯಲಿಲ್ಲ. ಈಗ ಬೇಕಾದರೆ ಮೂಟೆಗೆ 250 ಕಮ್ಮಿಗೆ ತಗೋತೀನಿ ಅಂದರು. 240 ಮೂಟೆ, ಲೆಕ್ಕ ನೀವೇ ಹಾಕಿ. ಸಾವ್ಕಾರ್ರು ಬೈಯಲಿಲ್ಲ. ಆ ವರ್ಷದ ಬೋನಸ್ ಬರಲಿಲ್ಲ, ಇಂಗ್ಲಿಷ್ ಪತ್ರದ ಕೆಲಸ ಅವರ ಮಗನಿಗೆ ಹೋಯ್ತು. ಬೈದಿದ್ದರೆ ಚೆನ್ನಾಗಿತ್ತು.

ತಪ್ಪು ಎಲ್ಲಿ ಅಂತ ನನಗೆ ಆಗಲೂ ಗೊತ್ತಾಗಿರಲಿಲ್ಲ. ಪ್ರಿಂಟ್ ತಗೊಂಡು ಹಾಸನಕ್ಕೆ ಅಕ್ಕನ ಮನೆಗೆ ಹೋದೆ. ಅಕ್ಕನ ಮಾವ ರಿಟೈರ್ಡ್ ಇಂಗ್ಲಿಷ್ ಮೇಷ್ಟ್ರು. ಸೊಗಡಿನ ಅವರೆಕಾಯಿ ಕಾಲ, ಅಕ್ಕ ಜಗಲಿ ಮೇಲೆ ಮೊರದ ತುಂಬ ಕಾಯಿ ಇಟ್ಕೊಂಡು ಸುಲೀತಿದ್ದಳು. ಮೇಷ್ಟ್ರು ನನ್ನ ಕಾಗದ ಓದಿ ಮಡಚಿ ಇಟ್ಟು, ಅಕ್ಕನಿಗೆ "ಹುಳ ಹಿಡಿದಿರೋ ಕಾಯಿ ಆ ಕಡೆ ಹಾಕಮ್ಮ" ಅಂದರು. ಅವಳು ನಾಲ್ಕು ಕಾಯಿ ಆರಿಸಿ ಎಸೆದಳು. "ಇದು ಕಾಮಾ ಇಲ್ಲದ್ದು" ಅಂದರು ನನಗೆ. ಆಮೇಲೆ ಮೊರದ ಅಂಚು ಹಿಡಿದು ಪೂರ್ತಿ ಎತ್ತಿ, "ಇದು ನೀನು ಬರೆದಿದ್ದು ಕಣಯ್ಯಾ" ಅಂತ ಅಂಗಳಕ್ಕೆ ಸುರಿಯೋ ಹಾಗೆ ಓರೆ ಮಾಡಿದರು. ಅಕ್ಕ ಮೊರ ಕಿತ್ಕೊಂಡಳು. "ನಿಮ್ಮ ಪಾಠಕ್ಕೆ ನನ್ನ ಅವರೆಕಾಯಿ ಬೇಡ, ಅರ್ಧ ದಿನ ಕೂತಿದೀನಿ."

ಅವತ್ತು ಅರ್ಥ ಆಯ್ತು. ಮೇಷ್ಟ್ರು ಇನ್ನೊಂದು ಕೇಳಿದರು: "ಹದಿನಾಲ್ಕು ಅಂತ ಯಾಕೆ ಬರೆಯಲಿಲ್ಲ?" ಅದಕ್ಕೆ ಇವತ್ತಿಗೂ ನನ್ನ ಹತ್ರ ಉತ್ತರ ಇಲ್ಲ.

ಹಾಗಾಗಿ ನಿಮ್ಮ ಪ್ರಶ್ನೆ ಮೂಲದಲ್ಲೇ ದಾರಿ ತಪ್ಪಿದೆ ಅಂತೀನಿ, ಬೇಜಾರಾಗಬೇಡಿ. ಹೂ, ವಿಚ್, ದಟ್ ಆರಿಸೋದು ಈ ವಿಷಯದ ಕಷ್ಟ ಅಲ್ಲವೇ ಅಲ್ಲ. ಕಾಮಾ ಇಲ್ಲದ ಕಡೆ ದಟ್, ಕಾಮಾ ಇರೋ ಕಡೆ ವಿಚ್ ಅನ್ನೋ ಹಂಚಿಕೆಯನ್ನ ಫೌಲರ್ ಅನ್ನೋ ಇಂಗ್ಲಿಷ್ ಪಂಡಿತ 1926ರಲ್ಲಿ ಸೂಚಿಸಿದ. ಒಳ್ಳೆ ಬರಹಗಾರರೇ ಹೀಗೆ ಬರೆಯಲ್ಲ ಅಂತ ಅವನೇ ಒಪ್ಕೊಂಡಿದ್ದ. ಅಮೆರಿಕದ ಸಂಪಾದಕರು ಅದನ್ನ ಬಿಗಿಯಾಗಿ ಹಿಡಿದರು, ಬ್ರಿಟನ್ನಿನವರು ಇವತ್ತಿಗೂ ಎರಡೂ ಕಡೆ ವಿಚ್ ಬರೀತಾರೆ. ಇಷ್ಟು ಬೈದಮೇಲೂ ದಟ್‌ದು ಒಂದು ಉಪಕಾರ ಒಪ್ಕೋಬೇಕು: ಅದರ ಮುಂದೆ ಈ ಥರದ ಕಾಮಾ ಕೂರಲ್ಲ. ನಾನು ಆ ದಿನ ದಟ್ ಬರೆದಿದ್ದರೆ ಬಚಾವಾಗ್ತಿದ್ದೆನೋ ಏನೋ.

ಹೂಮ್ ಚಿಂತೆ ಬಿಡಿ. ಮಾತಲ್ಲಿ ಅದನ್ನ ಬಳಸೋರೇ ಅಪರೂಪ. "ದ ಮ್ಯಾನ್ ಐ ಮೆಟ್" ಅಂದರೆ ಸಾಕು, ಜೋಡಿಸೋ ಪದವೇ ಬೇಡ. ಆದರೆ ಹೂ ಕರ್ತೃ ಆಗಿರೋ ಕಡೆ ಬಿಡೋ ಹಾಗಿಲ್ಲ. "ದ ಮ್ಯಾನ್ ಕೇಮ್ ಯೆಸ್ಟರ್‌ಡೇ ಈಸ್ ಮೈ ಅಂಕಲ್" ಅಂದರೆ ವಾಕ್ಯ ಮುರಿಯುತ್ತೆ. ಇನ್ನು ಕಾಮಾ ಕೆಲಸವನ್ನ ಮಾತಲ್ಲಿ ದನಿಯೇ ಮಾಡುತ್ತೆ, ಒಂದು ಕ್ಷಣ ನಿಂತು, ಸ್ವರ ಇಳಿದು, ಅಂದಹಾಗೆ ಅನ್ನೋ ಥರ ಹೇಳಿ ಮುಂದೆ ಹೋಗುತ್ತೆ. ಎದುರಿಗಿರೋರ ಮುಖ ನೋಡಿ ಸರಿ ಮಾಡ್ಕೋಬಹುದು. ಮೇಲ್‌ಗೆ ಮುಖ ಇಲ್ಲ.

ಮಾತಲ್ಲಿ ನಮ್ಮವರು ನಿಜವಾಗಿ ಎಡವೋದು ಬೇರೆ ಕಡೆ, ಚಾರ್ಟಲ್ಲಿ ಅದು ಇಲ್ಲವೇ ಇಲ್ಲ. ಕೃದಂತ ಓದಿದ್ದು ನೆನಪಿದೆಯಾ? ಬರೆದ, ಬರೆಯುವ, ಬರೆಯದ. ಆ "ಬರೆದ" ಒಂದನ್ನೇ ಇಟ್ಕೊಂಡು ನಾವು ಎಲ್ಲಾ ಹೇಳ್ತೀವಿ: ಬರೆದ ಹುಡುಗ, ಬರೆದ ಕಾಗದ, ಬರೆದ ಪೆನ್ನು, ಬರೆದ ದಿನ, ಬರೆದ ಮೇಜು. ಹುಡುಗ ಬರೆದ, ಪೆನ್ನಿನಿಂದ ಬರೆದ, ಮೇಜಿನ ಮೇಲೆ ಬರೆದ ಅನ್ನೋ ಸಂಬಂಧವನ್ನೆಲ್ಲ ಕೇಳೋರೇ ತುಂಬ್ಕೋತಾರೆ, ವಿಭಕ್ತಿ ಮಾಯ. ಇಂಗ್ಲಿಷಿಗೆ ಆ ಸಂಬಂಧ ಬೇಕೇ ಬೇಕು: ದ ಪೆನ್ ಐ ರೋಟ್ ವಿತ್, ದ ಟೇಬಲ್ ಐ ರೋಟ್ ಆನ್. "ನಾನು ಹೋದ ಅಂಗಡಿ" ಅನ್ನೋದನ್ನ "ದ ಶಾಪ್ ವಿಚ್ ಐ ವೆಂಟ್" ಅಂತ ಹೇಳಿ ಟು ನುಂಗ್ತೀವಿ. ಇನ್ನು ಕೆಲವರು ಅತಿ ಎಚ್ಚರಕ್ಕೆ "ದ ಮ್ಯಾನ್ ಹೂ ಐ ಮೆಟ್ ಹಿಮ್" ಅಂತ ಒಬ್ಬನನ್ನೇ ಎರಡು ಸಲ ಕರೀತಾರೆ. ವಿತ್, ಟು, ಆನ್ ವಾಕ್ಯದ ಕೊನೆಗೆ ಬರಬಾರದು ಅಂತ ಕ್ಲಾಸಲ್ಲಿ ಹೇಳಿದ್ದರೆ ಅದನ್ನೂ ಕಿವಿಗೆ ಹಾಕ್ಕೋಬೇಡಿ. 1672ರಲ್ಲಿ ಡ್ರೈಡನ್ ಅನ್ನೋ ಇಂಗ್ಲಿಷ್ ಕವಿ, ತನಗಿಂತ ಹಿಂದಿನ ನಾಟಕಕಾರ ಬೆನ್ ಜಾನ್ಸನ್ನನ ಸಾಲು ಹಿಡಿದು ಎತ್ತಿದ ತಕರಾರು ಅದು. ಅವನ ಕಾಲಕ್ಕೂ ಜನ ಹಾಗೇ ಮಾತಾಡ್ತಿದ್ದರು, ಈಗಲೂ ಮಾತಾಡ್ತಾರೆ.

ಇಂಟರ್‌ವ್ಯೂಗೆ ಒಂದು ವಾರ ಇದೆ ಅಂದಿದೀರಿ. ಚಾರ್ಟ್ ಮಡಚಿಡಿ. ದಿನಾ ಹತ್ತು ಕನ್ನಡದ ಜೋಡಿ ತಗೊಳ್ಳಿ, ಕೂತ ಕುರ್ಚಿ, ಬಂದ ಬಸ್ಸು, ಕಾಯಿ ಕುಯ್ದ ಕತ್ತಿ, ಹೀಗೆ, ಬಾಯಲ್ಲೇ ಇಂಗ್ಲಿಷ್ ಮಾಡಿ. ಕತ್ತಿಗೆ ವಿತ್ ತಾನಾಗೇ ಬರೋವರೆಗೂ ಬಿಡಬೇಡಿ.

ಕೊನೆಗೆ, ಬಯೋಡೇಟಾಗೆ ಹಾಕಿದೀನಿ, ಸರೀನಾ ಅಂತ ನೀವು ಕೇಳಿರೋ ವಾಕ್ಯ: "ಮೈ ಫಾದರ್ ಹೂ ಈಸ್ ಎ ಫಾರ್ಮರ್ ಲಿವ್ಸ್ ಇನ್ ಬೇಲೂರ್." ಚಾರ್ಟ್ ಪ್ರಕಾರ ಸರಿ. ಆದರೆ ಕಾಮಾ ಇಲ್ಲದೇ ಓದಿದರೆ ನಿಮಗೆ ಇನ್ನೊಬ್ಬರು ಅಪ್ಪ ಇದ್ದು, ಅವರು ಬೇಸಾಯ ಮಾಡಲ್ಲ, ಬೇರೆ ಊರಲ್ಲಿದ್ದಾರೆ ಅಂತಾಗುತ್ತೆ. ಕಳಿಸೋ ಮುಂಚೆ ಫಾದರ್ ಆದಮೇಲೆ ಒಂದು, ಫಾರ್ಮರ್ ಆದಮೇಲೆ ಒಂದು ಕಾಮಾ ಹಾಕಿ. ಈಗಿರೋ ಪ್ರತಿಯನ್ನ ನಿಮ್ಮ ತಾಯಿಗೆ ತೋರಿಸೋಕೆ ಹೋಗಬೇಡಿ.